ಎರಡನೆಯ ಹೆಸರು

ನನ್ನ ಕಾಕಾ,

ಟಿಕೆಟ್ ನನಗೆ ಸಿಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಎಳೆದು ಹೇಳುವ ನನ್ನ ಚಟ ನಿನಗೆ ಗೊತ್ತಲ್ಲ.

ಹೋದ ಸಲ ಜಿಲ್ಲಾ ಪಂಚಾಯಿತಿ ಟಿಕೆಟ್ ನಿನ್ನ ಕೈತಪ್ಪಿದ ದಿನ, ಚೌಡಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನುತ್ತ ನೀನು ಹೇಳಿದ್ದೆ: "ನನ್ನ ಪಾಳಿ ಮುಗೀತಲೇ. ಮುಂದಿನ ಸಲ ನೀ ಕೇಳು. ಊರೂರು ತಿರುಗಿ ಪಕ್ಷ ಕಟ್ಟಿದ ಮನಿಗಿ ಇಲ್ಲ ಅಂತಾರೇನು?" ಆ ಮುಂದಿನ ಸಲ ಬರುವ ಹೊತ್ತಿಗೆ ನೀನೇ ಇರಲಿಲ್ಲ. ನಿನ್ನ ಮಾತಿಗಾಗಿಯೇ ಅರ್ಜಿ ಹಾಕಿದೆ. ಹಾಕಿದವರು ಇನ್ನೂ ಹತ್ತು ಹನ್ನೆರಡು ಜನ. ಎಲ್ಲರ ಹೆಗಲ ಮೇಲೂ ಒಂದೇ ಪಕ್ಷದ ಶಾಲು.

ಅಭ್ಯರ್ಥಿ ಆರಿಸಲು ಪಕ್ಷದ ವೀಕ್ಷಕರು ಬಂದ ದಿನ ನೀನಿರಬೇಕಿತ್ತು. ಅಫಜಲಪುರದ ಪ್ರವಾಸಿ ಮಂದಿರದಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದರು: "ನಿಮಗೆ ಕೊಡದಿದ್ದರೆ ಯಾರಿಗೆ ಕೊಡಬೇಕು?" ನಾನು, ನನ್ನಂತೆಯೇ ಅರ್ಜಿ ಹಾಕಿದ್ದ ಶರಣಪ್ಪನ ಹೆಸರು ಹೇಳಿದೆ. ನಿನ್ನ ಸೈಕಲ್ಲಿನ ಹಿಂದೆ ಕೂತು ಪೋಸ್ಟರ್ ಹಚ್ಚಲು ಬರುತ್ತಿದ್ದವನು ಅವನು. ನಿಂತರೆ ಗೆಲ್ಲುವವನು. ಕೂಡಿ ದುಡಿದವನನ್ನು ಬಿಟ್ಟು ಇನ್ನು ಯಾರ ಹೆಸರು ಹೇಳಲಿ?

ಟಿಕೆಟ್ ಸಿಕ್ಕಿದ್ದು ಮಲ್ಲಿನಾಥನಿಗೆ. ಸೊಲ್ಲಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಹಬ್ಬಕ್ಕಷ್ಟೇ ಊರಿಗೆ ಬರುತ್ತಾನಲ್ಲ, ಅವನಿಗೇ! ಚಹಾದಂಗಡಿಯಲ್ಲಿ ಸೋತವರೆಲ್ಲ ಕೂಡಿದಾಗ ಗುಟ್ಟು ಹೊರಬಿತ್ತು. ನನ್ನನ್ನು ಬಿಟ್ಟು ಉಳಿದವರೆಲ್ಲ ಎರಡನೆಯ ಹೆಸರಾಗಿ ಅವನದನ್ನೇ ಹೇಳಿದ್ದರು. ಗಟ್ಟಿ ಮನುಷ್ಯನ ಹೆಸರು ಹೇಳಿದರೆ ಟಿಕೆಟ್ ಅವನಿಗೆ ಹೋದೀತು, ಮಲ್ಲಿನಾಥನಿಗಂತೂ ಯಾರೂ ಕೊಡುವುದಿಲ್ಲ ಎಂಬ ಲೆಕ್ಕಾಚಾರ. ಎಲ್ಲರೂ ಒಪ್ಪಿದ ಹೆಸರೆಂದು ವೀಕ್ಷಕರು ಅವನನ್ನೇ ಆರಿಸಿದ್ದರು.

"ನನ್ನ ಹೆಸರು ನೆನಪಾಗಲಿಲ್ಲೇನೋ?" ಎಂದು ಶರಣಪ್ಪನನ್ನು ಕೇಳಿದೆ.

ಅವನು ಬಸಿಯಲ್ಲಿದ್ದ ಚಹಾ ಊದುತ್ತ ಅಂದ: "ನೆನಪಾತಲೇ, ಅದಕ್ಕ ಹೇಳಲಿಲ್ಲ. ನಿನ್ನ ಹೆಸರು ಹೇಳಿದ್ರ ಟಿಕೆಟ್ ಖರೇನ ನಿನಗ ಹೋಗತಿತ್ತಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಗಾದರೆ ನಿನ್ನ ಹೆಸರನ್ನೂ ಇವರು ಪ್ರತಿ ಸಲ ಹೀಗೇ... ಬಿಡು. ಅದನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ನಿನ್ನೆ ಮಲ್ಲಿನಾಥ ಮನೆಗೆ ಬಂದಿದ್ದ. ಬ್ಯಾನರಿಗೆ ನಿನ್ನ ಫೋಟೋ ಬೇಕಂತೆ. "ಹಿರ್‍ಯಾರ ಆಶೀರ್ವಾದ ಇದ್ರ ಗೆಲ್ತೇನ್ರಿ ಕಾಕಿ" ಅಂದ. ಕಾಕಿ ನೀರು ಕೊಟ್ಟಳು, ಚಹಾ ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ ಕೇಳಿದಳು: "ಇದ್ದಾಗ ಅವರ ಮಾರಿ ನಿಮಗ ಬ್ಯಾಡಾಗಿತ್ತು. ಸತ್ತ ಮ್ಯಾಲ ಪ್ರಚಾರಕ್ಕ ಬರಬೇಕೇನಪಾ?" ಅವನು ಚಪ್ಪಲಿ ಹುಡುಕಿದ.

ನಿನಗೆ ಹೇಳಬೇಕಾದ ಸುದ್ದಿ ಇನ್ನೊಂದಿದೆ. ಇವತ್ತು ಬೆಳಿಗ್ಗೆ ಕಾಕಿ ಮಾಳಿಗೆ ಹತ್ತಿ, ನೀನು ಕಟ್ಟಿದ್ದ ಪಕ್ಷದ ಬಾವುಟ ಇಳಿಸಿದಳು. ಮಡಚಿ ಪೆಟ್ಟಿಗೆಯಲ್ಲಿ ಇಡುತ್ತಾಳೆ ಅಂದುಕೊಂಡೆ. ಎಮ್ಮೆಯ ಕೆಚ್ಚಲು ಒರೆಸಲು ಕೊಟ್ಟಿಗೆಗೆ ಒಯ್ದಳು.

ನಾನು ತಡೆಯಲಿಲ್ಲ ಕಾಕಾ. ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನಲ್ಲ.