ತಾಮ್ರದ ಸುತ್ತಿಗೆ

ಲಿಖಿತ್,

ನಿನ್ನ ಹೆಂಡ್ತಿ ಸುಪ್ರಿಯಾನ ಸಾಗರದ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ. ಅವಳ ಮುಂಗೈ ಮೂಳೆ ಮುರಿದಿದೆ. ಅಲ್ಲಿಗೆ ಬರಬೇಡ. ಬಂದ್ರೆ ನಿನ್ನ ಕೈ ನಾನೇ ಮುರೀತೀನಿ.

ಹಳೇ ಎಂಜಿ ಕಾರು ತೆಗೀಬೇಡ. ನೀನು ಎಡಗಡೆ ಅಚ್ಚಿನ ತುದಿಯ ಹಬ್ಬಿಗೆ ಗ್ರೀಸು ಹಚ್ಚಿ ಚಕ್ರ ಕೂರಿಸಿದ್ದೆ, ನಡುವಿನ ದೊಡ್ಡ ನಟ್ಟು ಇನ್ನೂ ಸುತ್ತಿಗೇಲಿ ಬಡಿದು ಬಿಗಿ ಮಾಡಿಲ್ಲ. ಆನಂದಪುರ ಮುಟ್ಟೋದ್ರೊಳಗೆ ಚಕ್ರ ಕಳಚಿ ಬೀಳ್ತದೆ.

ಕಬ್ಬಿಣದ ಸುತ್ತಿಗೆ ತಾಗಿದ್ರೆ ನಟ್ಟಿಗೆ ಗಾಯ ಆಗ್ತದೆ ಅಂತ ಇಂಗ್ಲೆಂಡಿಂದ ತಾಮ್ರದ್ದು ತರಿಸಿದೋನು ನೀನು. ಎಡಗಡೆಗೆ ಬಲಗಡೆ ನಟ್ಟು ಕೊಟ್ಲು ಅಂತ ಅದ್ರಲ್ಲೇ ಅವಳ ಕೈಗೆ ಬಡಿದ್ಯಲ್ಲ.

ಕುಕ್ಕರಲ್ಲಿ ಅನ್ನ ಇದೆ. ಮೊದಲು ನಾಯಿಗೆ ಹಾಕು.

ಸುತ್ತಿಗೆ ಹುಡುಕಬೇಡ, ನನ್ನ ಚೀಲದಲ್ಲಿದೆ. ಸಂಜೆಗೆ ಪೊಲೀಸ್ ಸ್ಟೇಷನ್ನಿನ ಮೇಜಿನ ಮೇಲಿರ್ತದೆ. ನಟ್ಟು ಬಿಗಿ ಮಾಡ್ಬೇಕಾದ್ರೆ ಅಲ್ಲಿಗೆ ಬಂದು ಕೇಳು.

ಅಕ್ಕ