ನೆಫ್ರೈಟಿಸ್ ರಾಯರ ಹೆಸರು ಹೇಳಿದ ಸುದ್ದಿ

ಚಿಗವ್ವಾ,

ಯಾವ ಫೋನು ಬಂದರೂ "ಸುದ್ದಿ ಚಲೋದೋ ಕೆಟ್ಟದ್ದೋ, ಮೊದಲ ಅಷ್ಟ ಹೇಳು" ಎನ್ನುವವಳು ನೀನು. ಚಲೋ ಸುದ್ದಿಯೇ, ಗಾಬರಿಯಾಗಬೇಡ. ಆದರೆ ತಕ್ಷಣ ಹೇಳುವುದಿಲ್ಲ. ಹೆಸರನ್ನು ಪ್ರಾಸದಲ್ಲಿ ಕಟ್ಟಿದ ಒಂದು ಒಡಪು ಹೇಳುವುದಕ್ಕೆ ನೀನು ನನ್ನನ್ನು ಎಷ್ಟು ಕಾಯಿಸುತ್ತಿದ್ದೆ! ಎಲೆಗೆ ಸುಣ್ಣ ಸವರಬೇಕು, ಅಡಿಕೆ ಕತ್ತರಿಸಬೇಕು, ಸೆರಗು ಸರಿಮಾಡಿಕೊಳ್ಳಬೇಕು, ಆಮೇಲೆ ಬಾಯಿ ತೆರೆಯಬೇಕು. ಈಗ ಕಾಯುವ ಪಾಳಿ ನಿನ್ನದು.

ನಾನು ವಿಜಯಪುರದ ನರ್ಸಿಂಗ್ ಕಾಲೇಜು ಬಿಟ್ಟು, ಟ್ರಂಕಿನ ಸಮೇತ ತಿಕೋಟಾದಲ್ಲಿ ಬಸ್ಸಿಳಿದ ದಿನ ನೆನಪಿದೆಯೇ? ಅಪ್ಪನ ಒಣದ್ರಾಕ್ಷಿ ಶೆಡ್ಡಿನಲ್ಲಿ ನೀನು ಕಾಳು ಆರಿಸುತ್ತ ಕುಳಿತಿದ್ದೆ. ಪ್ರತಿ ಸುಗ್ಗಿಗೂ ಬಬಲೇಶ್ವರದಿಂದ ಬಂದು, ಅಕ್ಕನ ಮನೆಯ ಕೆಲಸದವರನ್ನೆಲ್ಲ ನೀನೇ ಗದರಿಸುತ್ತಿದ್ದೆಯಲ್ಲ.

"ಯಾಕ ಬೇ ಸುಮಿ, ಸೂಟಿ ಕೊಟ್ಟಾರೇನು?"

"ಇಲ್ಲ. ಫೇಲಾಗೇನಿ. ಆ ಇಂಗ್ಲಿಷ್ ಶಬ್ದ ನನ್ನ ತಲಿಯಾಗ ನಿಂದ್ರೂದಿಲ್ಲ. ಇನ್ನ ನಾ ಅಲ್ಲಿಗೆ ಹೋಗಂಗಿಲ್ಲ."

ಪಿಯುಸಿಯವರೆಗೆ ಕನ್ನಡದಲ್ಲಿ ಓದಿದವಳು ನಾನು. ರೋಗಗಳ ಹೆಸರು ತುಂಬಿದ ಆ ಪುಸ್ತಕ ತೆರೆದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ನೀನು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಮೊರ ನನ್ನ ಮುಂದೆ ತಳ್ಳಿದೆ. "ಕುಂಡ್ರು. ಕರೇವು ಬ್ಯಾರೆ, ಹಸರು ಬ್ಯಾರೆ. ಆರಿಸಕೋತ ಒಂದು ಶಬ್ದ ಹೇಳು. ಎಂಥಾ ಬೇತಾಳ ಅದು, ನಾನೂ ನೋಡತೇನಿ."

ನೆಫ್ರೈಟಿಸ್ ಎಂದೆ. ಹೆಪಟೈಟಿಸ್ ಎಂದೆ. ಇವೆಲ್ಲ ಗ್ರೀಕರ ಹಳೆಯ ಶಬ್ದಗಳಂತೆ, ನೆಫ್ರಾಸ್ ಎಂದರೆ ಮೂತ್ರಪಿಂಡ, ಹೆಪರ್ ಎಂದರೆ ಯಕೃತ್ತು, ಐಟಿಸ್ ಬಂದಲ್ಲೆಲ್ಲ ಬಾವು ಎಂದು ಮೇಡಂ ಒಂದು ದಿನ ಹೇಳಿದ್ದನ್ನು ಒಲ್ಲದ ಮನಸ್ಸಿನಿಂದ ಒಪ್ಪಿಸಿದೆ. ನಿನ್ನ ಕೈ ನಿಂತಿತು. "ಹಂಗಂದ್ರ ಐಟಿಸ್ ಅನ್ನೂದು ಅಡ್ಡಹೆಸರು. ಪಾಟೀಲರು, ಬಿರಾದಾರರು ಇದ್ದಂಗ. ಎಲ್ಲಿ ಹೋದ್ರೂ ಬಾವು ತರೋ ಮನಿತನ ಅದು. ಮತ್ತ ಯಾವ ಮನಿತನ ಅದಾವು?" ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು ಎಂದೆ. "ಕಡದು ಒಗಿಯೋ ಮಂದಿ. ಅವರ ಮನಿಗೆ ಹೆಣ್ಣು ಕೊಡಬಾರದು ನೋಡು," ಎಂದೆ ನೀನು. ಫೇಲಾದವಳು ಅವತ್ತು ಮೊದಲ ಸಲ ನಕ್ಕಿದ್ದು. ಗ್ರೀಕರ ದೇಶ ಎಲ್ಲಿದೆ ಎಂದು ನೀನು ಕೇಳಿದೆ. ಗಡಿಯ ಕನಮಡಿ ಊರು ದಾಟಿ ಇನ್ನೂ ಮುಂದೆ ಎಂದೆ ನಾನು. ಸುಳ್ಳೇನಲ್ಲವಲ್ಲ.

ಆದರೆ ಮರುದಿನ ಬೆಳಿಗ್ಗೆ ನೀನು ಕೇಳಿದರೆ ನನಗೆ ಅರ್ಧ ಮರೆತಿತ್ತು. ಆಗ ನೀನು ಹೇಳಿದ ಮಾತು: "ಹೆಸರು ಬರೇ ಹೇಳಿದ್ರ ಗಾಳಿಗೆ ಹೋಗತೈತಿ. ಒಡಪಿನ್ಯಾಗ ಕಟ್ಟಿದ್ರ ಸಾಯೂತನಕ ಹೋಗೂದಿಲ್ಲ." ಎಲೆ ಅಡಿಕೆ ಎಲ್ಲ ಮುಗಿದ ಮೇಲೆ ಶೆಡ್ಡಿಗೆಲ್ಲ ಕೇಳುವಂತೆ ದನಿ ತೆಗೆದೆ.

ಬೆನ್ನಿನ ಬಾಜೂಕ ಎರಡು ಅವರಿಕಾಳು,
ಬಾವು ಬಂತಂದ್ರ ತಪ್ಪಲಿಲ್ಲ ಗೋಳು,
ನೆಫ್ರೈಟಿಸ್ ರಾಯರ ಹೆಸರ ಹೇಳತೇನಿ, ಕೇಳು.

ಕಾಳು ಆರಿಸುತ್ತಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡನ ಹೆಸರು ಬರಬೇಕಾದ ಜಾಗದಲ್ಲಿ ರೋಗವನ್ನು ತಂದು ಕೂರಿಸಿದ್ದೆ ನೀನು!

ನಗುತ್ತ ನಗುತ್ತಲೇ ನನಗೆ ಅಣ್ಣನ ಮದುವೆ ನೆನಪಾಯಿತು. ವೈನಿಯನ್ನು ಬಾಗಿಲಲ್ಲಿ ತಡೆದು, ಗಂಡನ ಹೆಸರು ಒಡಪಿನಲ್ಲಿ ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹೆಂಗಸರೆಲ್ಲ ನಿಂತಿದ್ದರು. ನೀನೂ ಸಡಗರದಿಂದ ಮುಂದೆ ಬಂದೆ. ಅವ್ವ ನಿನ್ನ ಕೈ ಮುಟ್ಟಿ, "ಗೌರೀ, ನೀ ಒಳಗ ಕುಂಡ್ರವಾ, ಮಂದಿ ಏನರ ಅಂದಾರು," ಎಂದಳು. ಚಿಗಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಹೆಸರು ಹೇಳಲು ಗಂಡನೇ ಇಲ್ಲದವಳಿಗೆ ಒಡಪಿನ ಪಾಳಿ ಇಲ್ಲ. ನೀನು ಕಾಳಿನ ಕೋಣೆಗೆ ಹೋದೆ. ವೈನಿಗೆ ನಾಲಿಗೆ ಹೊರಳದಾಗ ನಾನೇ ಓಡಿ ಬಂದು ನಿನ್ನಿಂದ ಒಡಪು ಕೇಳಿ, ಅವಳ ಕಿವಿಯಲ್ಲಿ ಹೇಳಿದೆ. ಎಲ್ಲರೂ ಸೊಸೆ ಜಾಣೆ ಎಂದರು. ಚೀಲಗಳ ನಡುವೆ ಕುಳಿತು ನೀನು ಅದನ್ನು ಕೇಳಿಸಿಕೊಂಡಾಗ ನಿನಗೆ ಹೇಗಾಗಿತ್ತು, ಚಿಗವ್ವಾ? ಕೇಳಬೇಕೆಂದು ಎಷ್ಟು ಸಲ ಅಂದುಕೊಂಡೆ, ಆದರೆ...

ಅವತ್ತು ಶೆಡ್ಡಿನಲ್ಲೂ ಒಬ್ಬಳು ಮುದುಕಿ ನಿನಗೆ ಹೇಳಿಯೇಬಿಟ್ಟಳು. "ಗೌರವ್ವ, ನೀ ಹಿಂಗ ಒಡಪು ಹಾಕೂದು ಚಲೋ ಕಾಣೂದಿಲ್ಲ." ನೀನು ತಲೆ ಎತ್ತದೆ ಅಂದೆ: "ಈ ರಾಯರು ಸಾಯೂದಿಲ್ಲ ಬೇ. ಇವರ ಹೆಸರ ಹೇಳಾಕ ನನಗ್ಯಾರ ಅಪ್ಪಣಿ ಬೇಕು?" ಅದು ನಗೆಚಾಟಿಕೆಯೋ ಸಿಟ್ಟೋ ಇವತ್ತಿಗೂ ನನಗೆ ತಿಳಿದಿಲ್ಲ. ಎರಡೂ ಇರಬೇಕು.

ಆ ಸುಗ್ಗಿ ಮುಗಿಯುವುದರೊಳಗೆ ನನಗೆ ಎಷ್ಟು ಜನ ರಾಯರು! "ಇಷ್ಟು ಗಂಡಂದಿರ ಮ್ಯಾಲ ಇನ್ನ ಯಾವನ ಕೈ ಹಿಡಿತಿಯವ್ವಾ," ಎಂದು ನೀನು ಕಾಡುತ್ತಿದ್ದೆ. ನಿನ್ನ ಹಟವೂ ಕಡಿಮೆಯದಲ್ಲ. ಗ್ಯಾಸ್ಟ್ರೈಟಿಸ್ ರಾಯರನ್ನು ಕರುಳಿನಲ್ಲಿ ಕೂರಿಸಿದ್ದೆ. ಅದು ಜಠರ, ಕರುಳಲ್ಲ ಎಂದರೆ, "ಕರುಳಂದ್ರ ಪ್ರಾಸ ಕೂಡತೈತಿ, ರಾಯರಿಗೆ ಅಲ್ಲೇ ಇರಾಕ ಹೇಳು," ಎಂದೆ. ನಾನು ಹೊಟ್ಟೆಯ ಚಿತ್ರ ತೋರಿಸಿದೆ. ನೀನು ಸಂಜೆಯವರೆಗೆ ಮುಖ ಊದಿಸಿಕೊಂಡಿದ್ದು, ರೊಟ್ಟಿ ತಿನ್ನುವಾಗ ತಿದ್ದಿದ ಒಡಪು ಹೇಳಿದೆ. ಮೊದಲಿನದಕ್ಕಿಂತ ಚೆನ್ನಾಗಿತ್ತು. ನಾನು ಹಾಗೆಂದು ಹೇಳಲಿಲ್ಲ, ಹೇಳಿದ್ದರೆ ನಿನ್ನನ್ನು ಹಿಡಿಯುವವರು ಯಾರು?

ನಾನು ಟ್ರಂಕು ಹೊತ್ತು ಮತ್ತೆ ಕಾಲೇಜಿಗೆ ಹೋದೆ. ಮರುಪರೀಕ್ಷೆ ಹತ್ತಿರ ಬಂದಾಗ ನೀನು ಹೋದೆ. ಎದೆನೋವು ಎಂದು ಬಬಲೇಶ್ವರದಿಂದ ವಿಜಯಪುರಕ್ಕೆ ತಂದರು. ನಾನು ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಆಸ್ಪತ್ರೆಯ ಕಾಗದದ ಮೇಲೆ ಬರೆದಿದ್ದ ಉದ್ದನೆಯ ಶಬ್ದವನ್ನು ನಾನು ಒಡೆದು ಓದಿದೆ. ಹೆಸರು ಯಾವುದು, ಅಡ್ಡಹೆಸರು ಯಾವುದು, ಎಲ್ಲ ತಿಳಿಯಿತು. ತಿಳಿದರೆ ದುಃಖ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ನಾನು ತುಂಬ ಅತ್ತೆ.

ಈಗ ಸುದ್ದಿಗೆ ಬರುತ್ತೇನೆ. ಮರುಪರೀಕ್ಷೆಯ ವೈವಾದಲ್ಲಿ, ಬಾಯಿಂದಲೇ ಉತ್ತರ ಹೇಳುವ ಪರೀಕ್ಷೆಯಲ್ಲಿ, ಇಬ್ಬರು ಕುಳಿತಿದ್ದರು. ಒಬ್ಬರು ನಮ್ಮ ಮೇಡಂ, ಇನ್ನೊಬ್ಬರು ಮೈಸೂರು ಕಡೆಯಿಂದ ಬಂದ ಪರೀಕ್ಷಕಿ. ಮೂತ್ರಪಿಂಡಕ್ಕೆ ಬಾವು ಬಂದರೆ ಏನೆನ್ನುತ್ತಾರೆ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಶಬ್ದ ನೆನಪಿಗೆ ಬರಲಿಲ್ಲ. ನೀನು ಸತ್ತ ಮೇಲೆ ಒಂದು ಒಡಪನ್ನೂ ನಾನು ಅಂದುಕೊಂಡಿರಲಿಲ್ಲ, ಅಂದುಕೊಂಡರೆ ಅಳು ಬರುತ್ತಿತ್ತು. ಇನ್ನು ಇದೂ ಹೋಯಿತು, ಮತ್ತೆ ಟ್ರಂಕು ಹೊರುವುದೇ ಸರಿ ಎಂದುಕೊಳ್ಳುವಷ್ಟರಲ್ಲಿ ಬಾಯಿ ತನ್ನಷ್ಟಕ್ಕೆ ತಾನೇ ಹೇಳತೊಡಗಿತು. ಮನಸ್ಸಿನಲ್ಲಿ ಅಲ್ಲ ಚಿಗವ್ವಾ, ಗಟ್ಟಿಯಾಗಿ, ನಿನ್ನದೇ ರಾಗದಲ್ಲಿ, ಅವರಿಕಾಳಿನಿಂದ ಹಿಡಿದು ರಾಯರವರೆಗೆ!

ಪರೀಕ್ಷಕಿ ಪೆನ್ನು ಕೆಳಗಿಟ್ಟರು. "ಯಾವ ರಾಯರಮ್ಮ?"

ನಮ್ಮ ಮೇಡಂ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಒಡಪು ಅಂತಾರ್ರಿ ಮೇಡಂ ಇದಕ್ಕ. ನಮ್ಮ ಕಡೆ ಗಂಡನ ಹೆಸರ ಹಿಂಗ ಹೇಳ್ತಾರ್ರಿ."

"ಬಾಯಿಪಾಠ ಮಾಡಿದ್ದೀಯ ಅಷ್ಟೆ," ಎಂದರು ಪರೀಕ್ಷಕಿ. "ಎಲ್ಲಿ, ನೆಫ್ರೆಕ್ಟಮಿ ಅಂದರೇನು ಹೇಳು." ಅದಕ್ಕೆ ನೀನು ಒಡಪು ಕಟ್ಟಿರಲಿಲ್ಲ. ನಾನು ಹೆಸರನ್ನೂ ಅಡ್ಡಹೆಸರನ್ನೂ ಬೇರೆ ಮಾಡಿದೆ. ಕಡಿದು ಒಗೆಯುವ ಮನೆತನ. "ಮೂತ್ರಪಿಂಡ ಕತ್ತರಿಸಿ ತೆಗಿಯೂದ್ರಿ," ಎಂದೆ. ಅವರು ಇನ್ನೂ ಕೆಲವು ಕೇಳಿದರು, ನಾನು ಒಡೆಯುತ್ತ ಹೋದೆ. ಕೊನೆಗೆ ಅವರು ಕುರ್ಚಿಗೆ ಒರಗಿ, "ಈಗ ಮಾರ್ಕ್ಸಿಗಲ್ಲ, ಇನ್ನೊಂದು ಒಡಪು ಹೇಳು," ಎಂದರು.

ಬಲಪಕ್ಕಿ ಕೆಳಗ ಕುಂತಾನ ದೊಡ್ಡ ಗೌಡ,
ಅವಗ ಬಾವು ಬಂದ್ರ ಕಣ್ಣು ಹಳದಿ ನೋಡ,
ಹೆಪಟೈಟಿಸ್ ರಾಯರ ಸಂಗ ಯಾರಿಗೂ ಬ್ಯಾಡ.

ಹೊರಗೆ ಸಾಲಿನಲ್ಲಿ ನಿಂತಿದ್ದ ಹುಡುಗಿಯರೂ ನಕ್ಕರು. ಇದನ್ನೆಲ್ಲ ಯಾರು ಕಟ್ಟಿದ್ದು ಎಂದು ಪರೀಕ್ಷಕಿ ಕೇಳಿದರು. "ನಮ್ಮ ಚಿಗವ್ವರಿ. ಗೌರವ್ವ. ಬಬಲೇಶ್ವರದಾಕಿ." ಒಂದು ಸಲ ಭೇಟಿ ಮಾಡಿಸು ಎಂದರು. ಆಗಲಿರಿ ಎಂದುಬಿಟ್ಟೆ. ನೀನಿಲ್ಲ ಎನ್ನಲು ಆ ಹೊತ್ತಿನಲ್ಲಿ ನನಗೆ ಬಾಯಿ ಬರಲಿಲ್ಲ.

ಪಾಸಾದೆ, ಚಿಗವ್ವಾ. ಆಮೇಲಿನ ವರ್ಷಗಳೂ ಪಾಸಾದವು. ಈಗ ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಹೊಸದಾಗಿ ಬರುವ ಹುಡುಗಿಯರಿಗೆ ಮೊದಲು ಮನೆತನಗಳ ಪರಿಚಯ ಮಾಡಿಸುತ್ತೇನೆ, ಆಮೇಲೆ ರಾಯರ ಪರಿಚಯ.

ಇನ್ನೊಂದಿದೆ. ನನ್ನ ಮದುವೆ ಗೊತ್ತಾಗಿದೆ, ಹುಡುಗ ಇಟ್ಟಂಗಿಹಾಳದವನು. ಅರಿಷಿಣದ ದಿನ ನಮ್ಮ ಪಡಸಾಲೆಯಲ್ಲಿ ಹೆಂಗಸರೆಲ್ಲ ಒಡಪು ಹೇಳುತ್ತಾರಲ್ಲ, ಗಂಡ ತೀರಿಹೋದವರೂ ಅಲ್ಲೇ ಕುಳಿತು ಅವರವರ ಗಂಡನ ಹೆಸರು ಹೇಳಬೇಕು, ಇಲ್ಲದಿದ್ದರೆ ನಾನು ನನ್ನವನ ಹೆಸರು ಹೇಳುವುದಿಲ್ಲ ಎಂದು ನಿನ್ನೆ ಅವ್ವನಿಗೆ ಹೇಳಿದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡಳು.

"ಗೌರಿನ್ನ ಒಳಗ ಕಳಿಸಿದಾಕಿ ನಾನ ಅಲಾ," ಎಂದಳು. "ಈ ಸಲ ಒಬ್ಬೊಬ್ಬರನ್ನ ನಾನ ಕೈ ಹಿಡದು ಪಡಸಾಲಿಗೆ ಕರಕೊಂಡ ಬರತೇನಿ. ಯಾರು ಏನರ ಅನಲಿ."

ನಿನ್ನ
ಸುಮಿ