ಗೇಟಿಗೆ ಕಟ್ಟಿದ ಬೇವು

ಕುದೇರು, ಬುಧವಾರ

ಗುರುಮಲ್ಲಪ್ಪನವರಿಗೆ ಪುಟ್ಟಮಾದಮ್ಮ ಕೈಮುಗಿದು ಬರೆಯುವುದು.

ಗೋಮಾಳಕ್ಕೆ ನೀವು ಹಾಕಿಸಿದ ಬೇಲಿಯ ಕಲ್ಲುಕಂಬಗಳನ್ನು ಯಾರೋ ಕಿತ್ತು ಮಲಗಿಸಿ, ಒಂದೊಂದಕ್ಕೂ ಬೇವಿನ ಸೊಪ್ಪು ಕಟ್ಟಿದ್ದಾರೆ. ನಿಮ್ಮ ದೂರಿನ ಮೇಲೆ ಪೊಲೀಸರು ನನ್ನ ಮಗ ಶಿವರಾಮುವನ್ನು ಕರೆದೊಯ್ದಿದ್ದಾರೆ. ಅವನು ಆ ದಿನ ಬಂಡೀಪುರದಲ್ಲಿ ಕೆಲಸದಲ್ಲಿದ್ದ.

ನಿಮ್ಮ ತಾತ ಬೇಲಿ ಹಾಕಿಸಿದಾಗಲೂ ಹೀಗೇ ಆಗಿತ್ತಂತೆ. ಅವರು ಕೇಳಿದ್ದಕ್ಕೆ ನಮ್ಮಜ್ಜಿ ಊರದೇವತೆಯ ಹೆಸರೆತ್ತಿ, "ಮಾರವ್ವ ದನ ಓಗಕ್ಕೆ ದಾರಿ ಬುಡಿಸ್ಕೊಂಡವ್ಳೆ ಕಣ್ ಬುದ್ಧಿ" ಅಂದಿದ್ದಳು. ಅವರು ತಿಳಿದವರು, ಮತ್ತೆ ಬೇಲಿಯ ಮಾತೆತ್ತಲಿಲ್ಲ.

ಇವತ್ತು ನಿಮ್ಮ ಮನೆಯ ಗೇಟಿಗೂ ಬೇವು ಕಟ್ಟಿದೆ. ಆಳುಗಳ ಕೈಲಿ ಬಿಚ್ಚಿಸಬೇಡಿ. ಕಟ್ಟಿದವರೇ ಬಿಚ್ಚಬೇಕೆಂಬುದು ನಮ್ಮಲ್ಲಿನ ಪದ್ಧತಿ.

ದಯವಿಟ್ಟು ದೂರು ವಾಪಸು ತೆಗೆದುಕೊಳ್ಳಿ. ಮಗ ಮನೆಗೆ ಬಂದ ದಿನ ನಾನೇ ಬಂದು ಬಿಚ್ಚುತ್ತೇನೆ.

ಇಂತಿ,
ದಿನಾ ನಿಮ್ಮ ಮನೆಗೆ ಹಾಲು ಹಾಕುವ
ಪುಟ್ಟಮಾದಮ್ಮ